ವರ್ಷದ ಕಡೆಯ ರಾತ್ರಿಯ ಜಾಗರಣೆ

ಪ್ರತಿ ವರುಷ ಡಿಸೆಂಬರ್ 31ನೆಯ ತಾರೀಖಿನ ರಾತ್ರಿ ನಮ್ಮ ನಾಡಿನ ಅನೇಕ ಊರುಗಳಲ್ಲಿ ದೇವಾಲಯದ ದೀಪಗಳು ನಡುರಾತ್ರಿಯ ತನಕ ಉರಿಯುತ್ತಿರುವದನ್ನು ವಾಚಕರು ಬಲ್ಲರು. ಜನರು ಒಟ್ಟುಕೂಡಿ, ಹಳೆಯ ವರುಷವು ಜಾರಿಹೋಗುವ ಹೊತ್ತಿನಲ್ಲಿ ಕೆಲವು ನಿಮಿಷ ಮೌನವಾಗಿದ್ದು, ಹನ್ನೆರಡು ಹೊಡೆದೊಡನೆ ಎದ್ದು ಒಬ್ಬರನ್ನೊಬ್ಬರು ವಂದಿಸಿ, ಮನೆಗೆ ತೆರಳುತ್ತಾರೆ. ಇದಕ್ಕೆ ವಾಚ್‌ನೈಟ್ ಎಂಬ ಹೆಸರು ನಮ್ಮಲ್ಲಿ ರೂಢವಾಗಿದೆ. ನಡುರಾತ್ರಿಗಾಗಿ ಗಡಿಯಾರವನ್ನು ನೋಡುತ್ತ ಕೂಡ್ರುವದರಿಂದ ಈ ಹೆಸರು ಬಂತೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಈಗಲೂ ಎಣಿಸಿರಬಹುದು. ಆದರೆ ಇಲ್ಲಿ ವಾಚ್ ಎಂದರೆ ಕೈಗಡಿಯಾರವಲ್ಲ, ಕಾವಲು, ಎಚ್ಚರ. ನಮ್ಮ ಶಾಲೆಗೆ ಮಕ್ಕಳನ್ನು ಕಳುಹಿಸುವ ತಾಯಿತಂದೆಗಳಲ್ಲಿ ಬಹುಮಂದಿ ಯುಗಾದಿಯಂದು ಬೇವುಬೆಲ್ಲ ಸವಿದು ಪಂಚಾಂಗ ಶ್ರವಣ ಮಾಡುವವರು, ಶಿವರಾತ್ರಿಯಂದು ಜಾಗರಣೆ ಇರುವವರು. ಅವರಿಗೆ ಈ ಆಚರಣೆಯ ಒಳಗುಟ್ಟನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಆದರೂ ಇದು ಎಲ್ಲಿ ಹುಟ್ಟಿತು, ಯಾರ ಕೈಯಲ್ಲಿ ಬೆಳೆಯಿತು, ಯಾರು ಯಾವ ಕಷ್ಟದಲ್ಲಿ ಇದನ್ನು ಆಚರಿಸಿದರು ಎಂಬದು ಬಲು ದೊಡ್ಡ ಕಥೆ. ಅದನ್ನು ನಮ್ಮಿಂದಾದಷ್ಟು ಇಲ್ಲಿ ವಿವರಿಸುತ್ತೇವೆ.

ಜರ್ಮನಿಯ ಸ್ಯಾಕ್ಸನಿ ಸೀಮೆಯಲ್ಲಿ ಹೆರ್ನ್‌ಹುಟ್ ಎಂಬದೊಂದು ಸಣ್ಣ ಊರುಂಟು. ಮೊರೇವಿಯ ಪ್ರಾಂತದಿಂದ ಮತದ ಕಾರಣವಾಗಿ ಹಿಂಸೆಗೊಳಗಾಗಿ ಓಡಿಬಂದವರಿಗೆ ಜಿಂಜೆಂಡಾರ್ಫ್ ಎಂಬ ಶ್ರೀಮಂತರು ತಮ್ಮ ಜಮೀನಿನಲ್ಲಿ ನೆಲೆ ಕೊಟ್ಟುದರಿಂದ 1722ರಲ್ಲಿ ಆ ಊರು ಹುಟ್ಟಿತು. ಕರ್ತನ ಕಾವಲು ಎಂಬ ಅರ್ಥವು ಅದರ ಹೆಸರಿನಲ್ಲೇ ಅಡಗಿದೆ. 1728ರಲ್ಲಿ ಆ ಊರಿನಲ್ಲಿ ಒಂದು ಪದ್ಧತಿ ನಡೆಯತೊಡಗಿತು. ದಿನಕ್ಕೊಂದು ವಾಕ್ಯವನ್ನು ಆರಿಸಿ, ಬೆಳಿಗ್ಗೆ ಅದನ್ನು ಮನೆಮನೆಗೂ ಹೋಗಿ ತಿಳಿಸುತ್ತಿದ್ದರು. ವಾಕ್ಯವನ್ನು ಒಯ್ದವನು ಮನೆಯವರ ಕ್ಷೇಮಸಮಾಚಾರವನ್ನೂ ಹೊತ್ತು ಬರುತ್ತಿದ್ದನು. ಅಂದರೆ ಅದು ಧ್ಯಾನಕ್ಕೂ ಆಯಿತು, ನೆರೆಹೊರೆಯ ಯೋಗಕ್ಷೇಮಕ್ಕೂ ಆಯಿತು. 1731ನೆಯ ವರುಷಕ್ಕೆ ಈ ವಾಕ್ಯಗಳನ್ನು ಮೊದಲ ಬಾರಿಗೆ ಪುಸ್ತಕವಾಗಿ ಅಚ್ಚುಹಾಕಿಸಿದರು. ಆ ಪುಸ್ತಕವು ಇಂದಿಗೂ ವರುಷ ವರುಷವೂ ಅನೇಕ ಭಾಷೆಗಳಲ್ಲಿ ಪ್ರಕಟವಾಗುತ್ತಲಿದೆ. ಹೊಸ ವರುಷದ ರಾತ್ರಿ ನಮ್ಮ ಕಡೆಯ ಸಭೆಗಳಲ್ಲಿ ವಾಗ್ದಾನದ ಚೀಟಿಗಳನ್ನು ಹಂಚುವ ರೂಢಿಯನ್ನು ಕಂಡವರಿಗೆ ಹೆರ್ನ್‌ಹುಟ್ಟಿನ ಆ ಬೆಳಗುಗಳು ನೆನಪಿಗೆ ಬಾರದಿರವು. ವರುಷದ ಕಡೆಯ ರಾತ್ರಿಯಲ್ಲಿ ಎಚ್ಚರವಿದ್ದು ಪ್ರಾರ್ಥಿಸುವ ಕ್ರಮವನ್ನೂ ಆ ಊರಿನವರೇ 1733ರ ಸುಮಾರಿಗೆ ಆರಂಭಿಸಿದರೆಂದು ಹೇಳುತ್ತಾರೆ.

ಇಂಗ್ಲೆಂಡಿನಲ್ಲಿ ಈ ಜಾಗರಣೆಗೆ ಕಾರಣರಾದವರು ಪಂಡಿತರೂ ಅಲ್ಲ, ಪಾದ್ರಿಗಳೂ ಅಲ್ಲ. ಕಲ್ಲಿದ್ದಲ ಗಣಿಯ ಕೂಲಿಗಳು. ಬ್ರಿಸ್ಟಲ್ ಪಟ್ಟಣದ ಬಳಿಯ ಕಿಂಗ್ಸ್‌ವುಡ್ ಎಂಬಲ್ಲಿ ಗಣಿಯ ಕೆಲಸಗಾರರು ಹಿಂದೆ ಶನಿವಾರದ ರಾತ್ರಿಯನ್ನೆಲ್ಲ ಹೆಂಡದಂಗಡಿಯಲ್ಲಿ ಕಳೆಯುತ್ತಿದ್ದರು. ಜಾನ್ ವೆಸ್ಲಿಯವರ ಉಪದೇಶದಿಂದ ಕುಡಿತವನ್ನು ಬಿಟ್ಟ ಮೇಲೆ ಅವರು ಅದೇ ರಾತ್ರಿಯನ್ನು ಪ್ರಾರ್ಥನೆಯಲ್ಲಿಯೂ ಹಾಡಿನಲ್ಲಿಯೂ ಕಳೆಯತೊಡಗಿದರು. ಕೆಟ್ಟ ಚಾಳಿಯನ್ನು ಬಿಟ್ಟವನಿಗೆ ಆ ಹೊತ್ತು ಬರಿದಾಗಿ ಉಳಿಯುತ್ತದೆ, ಹಳೆಯ ಗೆಳೆಯರ ಸಂಗವೂ ತಪ್ಪುತ್ತದೆ. ಆ ಬರಿದನ್ನು ತುಂಬಲು ಹೊಸ ಗೆಳೆಯರೇ ಬೇಕು. ಗಣಿಯವರು ಇದನ್ನು ಯಾರಿಂದಲೂ ಕಲಿಯದೆ ಕಂಡುಕೊಂಡರು. ಇದನ್ನು ನಿಲ್ಲಿಸಬೇಕೆಂದು ಕೆಲವರು ವೆಸ್ಲಿಯವರಿಗೆ ಸಲಹೆ ಕೊಟ್ಟರು. ಅವರಾದರೋ ಪ್ರಾಚೀನ ಸಭೆಯವರೂ ಹೀಗೆಯೇ ಜಾಗರಣೆ ಮಾಡುತ್ತಿದ್ದುದನ್ನು ನೆನೆದು, ನಿಲ್ಲಿಸುವದಕ್ಕೆ ಬದಲಾಗಿ ಇತರ ಊರುಗಳಿಗೂ ಅದನ್ನು ಹಬ್ಬಿಸಿದರು. ಲಂಡನಿನಲ್ಲಿ ಮೊದಲನೆಯ ಜಾಗರಣೆಯು 1742ರ ಏಪ್ರಿಲಿನಲ್ಲಿ ನಡೆಯಿತು.

ಇಲ್ಲೊಂದು ಸಂಗತಿ ನಮಗೆ ಬಹಳ ಮೆಚ್ಚಿಗೆಯಾಯಿತು. ಆ ಕೂಟವು ವರುಷಕ್ಕೊಮ್ಮೆಯಲ್ಲ, ತಿಂಗಳಿಗೊಮ್ಮೆ, ಹುಣ್ಣಿಮೆಗೆ ಹತ್ತಿರವಾದ ಶುಕ್ರವಾರದಲ್ಲಿ ಸೇರುತ್ತಿತ್ತು. ಕಾರಣವೇನೆಂದರೆ, ನಡುರಾತ್ರಿ ದಾಟಿದ ಮೇಲೆ ದೂರದ ಹಳ್ಳಿಗಳಿಗೆ ನಡೆದುಹೋಗುವವರಿಗೆ ಬೆಳದಿಂಗಳು ಬೇಕಲ್ಲವೆ? ರಾತ್ರಿ ಎಂಟೂವರೆಗೆ ಆರಂಭವಾದ ಕೂಟವು ಹನ್ನೆರಡು ದಾಟುವವರೆಗೂ ನಡೆಯುತ್ತಿತ್ತು. ಜಾನರ ತಮ್ಮಂದಿರಾದ ಚಾರ್ಲ್ಸ್ ವೆಸ್ಲಿಯವರು ಇದಕ್ಕೆಂದೇ ಗೀತೆಗಳನ್ನು ರಚಿಸಿದರು. ಆಗಿನ ಇಂಗ್ಲೆಂಡಿನಲ್ಲಿ ಕಾನೂನಿನ ಪ್ರಕಾರ ವರುಷವು ಮಾರ್ಚ್ 25ಕ್ಕೆ ಆರಂಭವಾಗುತ್ತಿತ್ತು. ಜನವರಿ 1ಕ್ಕೆ ಆ ಪದವಿ ಬಂದುದು 1752ರಲ್ಲಿ. ತಿಂಗಳ ಜಾಗರಣೆಗಳು ಕ್ರಮೇಣ ವಿರಳವಾಗಿ, ವರುಷದ ಕಡೆಯ ರಾತ್ರಿಯೊಂದೇ ಸ್ಥಿರವಾಗಿ ಉಳಿಯಿತು.

ಈ ಜಾಗರಣೆಗೆ ಜೊತೆಯಾಗಿ ಒಡಂಬಡಿಕೆಯ ಆರಾಧನೆ ಎಂಬ ಇನ್ನೊಂದು ಕ್ರಮವುಂಟು. 1755ರ ಆಗಸ್ಟ್ 11ರಂದು ಲಂಡನಿನ ಸ್ಪಿಟಲ್‌ಫೀಲ್ಡ್ಸ್ ಎಂಬಲ್ಲಿ ವೆಸ್ಲಿಯವರು ಇದನ್ನು ನಡಿಸಿದಾಗ ಸುಮಾರು 1800 ಮಂದಿ ಕೂಡಿದ್ದರಂತೆ. ಮುಂದೆ ಇದಕ್ಕೆ ಹೊಸ ವರುಷದ ಮೊದಲ ಆದಿತ್ಯವಾರವೇ ಗೊತ್ತಾದ ದಿನವಾಯಿತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಸ್ಥಾಪಿತವಾದಾಗ ಅದರಲ್ಲಿ ಸೇರಿದ ಮೆಥೊಡಿಸ್ಟರು ಈ ಕ್ರಮವನ್ನು ತಮ್ಮ ಜೊತೆಯಲ್ಲಿ ತಂದುದರಿಂದ, ನಮ್ಮ ಕನ್ನಡ ಸಭೆಗಳವರಿಗೂ ಇದು ಪರಿಚಿತವಾಗಿದೆ. ಇದರಲ್ಲಿ ಗಮನಿಸಬೇಕಾದುದು ಏನೆಂದರೆ, ಒಡಂಬಡಿಕೆಯನ್ನು ಕೂಟದಲ್ಲಿ ಒಟ್ಟಾಗಿ ಹೇಳುವದಕ್ಕೆ ಮುಂಚೆ ಪ್ರತಿಯೊಬ್ಬರೂ ಏಕಾಂತದಲ್ಲಿ ಕುಳಿತು ತಮ್ಮ ನಡತೆಯನ್ನು ಪರೀಕ್ಷಿಸಿಕೊಳ್ಳಬೇಕೆಂಬ ಸೂಚನೆ ಇತ್ತು. ಮೊದಲು ಒಬ್ಬಳೇ, ಆ ಮೇಲೆ ಎಲ್ಲರೊಡನೆ. ನಾವು ಹೊಸ ವರುಷಕ್ಕೆಂದು ದಿನಚರಿಯ ಮೊದಲ ಪುಟದಲ್ಲಿ ಗುಟ್ಟಾಗಿ ಬರೆದುಕೊಳ್ಳುವ ನಿಶ್ಚಯಗಳ ಗತಿ ಎಲ್ಲರಿಗೂ ಗೊತ್ತೇ ಇದೆ. ಸಂಕ್ರಾಂತಿಯ ಎಳ್ಳು ಬೀರುವ ಹೊತ್ತಿಗೆ ಅವುಗಳಲ್ಲಿ ಅರ್ಧ ಮರೆತುಹೋಗಿರುತ್ತವೆ. ನಾಲ್ಕು ಮಂದಿ ಸ್ನೇಹಿತೆಯರು ಕೇಳುವ ಹಾಗೆ ಹೇಳಿದ ಮಾತನ್ನು ಮರೆಯುವದು ಅಷ್ಟು ಸುಲಭವಲ್ಲ. ಸ್ನೇಹಿತೆಯರು ಬಿಡುವದಿಲ್ಲ!

ಇನ್ನು ನಾವು ಅಮೇರಿಕಕ್ಕೆ ಹೋಗಬೇಕು. ಈ ಆಚರಣೆಯ ನಿಜವಾದ ಬೆಲೆ ಅಲ್ಲಿ ಕಾಣುತ್ತದೆ.

ಆ ದೇಶದ ದಕ್ಷಿಣ ಸಂಸ್ಥಾನಗಳಲ್ಲಿ ಗುಲಾಮಗಿರಿ ಇದ್ದ ಕಾಲದಲ್ಲಿ, ಜನವರಿ 1 ಎಂದರೆ ನೀಗ್ರೋ ಗುಲಾಮರಿಗೆ ಎದೆಯೊಡೆಯುವ ದಿನ. ಅಂದು ಅವರನ್ನು ಮುಂದಿನ ವರುಷದ ದುಡಿಮೆಗೆ ಬಾಡಿಗೆಗೆ ಕೊಡುತ್ತಿದ್ದರು. ಯಜಮಾನನ ಸಾಲ ತೀರಿಸುವದಕ್ಕೆ ಮಾರುವದೂ ಉಂಟು. ಹ್ಯಾರಿಯೆಟ್ ಜೇಕಬ್ಸ್ ಎಂಬಾಕೆ ಇದನ್ನು ಕಣ್ಣಾರೆ ಕಂಡು ಬರೆದಿದ್ದಾರೆ. ಉತ್ತರ ಕೆರೊಲೈನ ಸಂಸ್ಥಾನದಲ್ಲಿ ಗುಲಾಮಳಾಗಿ ಹುಟ್ಟಿದ ಈಕೆಗೆ ಚಿಕ್ಕಂದಿನಲ್ಲಿ ಮೊದಲನೆಯ ಯಜಮಾನಿಯು ಓದನ್ನೂ ಹೊಲಿಗೆಯನ್ನೂ ಕಲಿಸಿದ್ದಳು. ಆ ಮೇಲೆ ಅದೇ ಸಂಸ್ಥಾನದಲ್ಲಿ ಗುಲಾಮರಿಗೆ ಅಕ್ಷರ ಕಲಿಸುವದು ಕಾನೂನಿನಿಂದ ನಿಷಿದ್ಧವಾಯಿತು. ದುಷ್ಟ ಯಜಮಾನನಿಂದ ತಪ್ಪಿಸಿಕೊಂಡು, ಎದ್ದು ನಿಲ್ಲುವದಕ್ಕೂ ಎಡೆಯಿಲ್ಲದ ಅಜ್ಜಿಯ ಮನೆಯ ಅಟ್ಟದಲ್ಲಿ ಸುಮಾರು ಏಳು ವರುಷ ಅಡಗಿದ್ದು, 1842ರಲ್ಲಿ ಉತ್ತರಕ್ಕೆ ಪಾರಾಗಿ ಹೋದರು. 1861ರಲ್ಲಿ ಅಚ್ಚಾದ ಆಕೆಯ ಆತ್ಮಕಥೆಯಲ್ಲಿ ಗುಲಾಮರ ಹೊಸ ವರುಷದ ದಿನವನ್ನು ಕುರಿತೇ ಒಂದು ಅಧ್ಯಾಯವಿದೆ. ಏಳು ಮಕ್ಕಳನ್ನು ಹರಾಜಿನ ಕಟ್ಟೆಗೆ ಕರೆತಂದ ಒಬ್ಬ ತಾಯಿಯನ್ನು ಆಕೆ ಅದರಲ್ಲಿ ವರ್ಣಿಸಿದ್ದಾರೆ. ಕೆಲವರನ್ನಾದರೂ ಕಳೆದುಕೊಳ್ಳುವೆನೆಂದು ಆ ತಾಯಿಗೆ ತಿಳಿದಿತ್ತು; ಏಳು ಮಂದಿಯನ್ನೂ ಕೊಂಡುಹೋದರು. ಡಿಸೆಂಬರ್ 31ರ ರಾತ್ರಿ ಅಂಥ ತಾಯಂದಿರು ಗುಡಿಸಲಿನ ತಣ್ಣನೆಯ ನೆಲದ ಮೇಲೆ ಕುಳಿತು ಮಲಗಿದ ಮಕ್ಕಳನ್ನು ನೋಡುತ್ತ ಎಚ್ಚರವಿರುತ್ತಿದ್ದರು. ಅದೂ ಒಂದು ಜಾಗರಣೆಯೇ. ಬೆಳಗಾಗುವದು ಬೇಡವೆಂಬ ಜಾಗರಣೆ.

ಇಂಥ ದಿನವು 1863ರಲ್ಲಿ ಮಗುಚಿಕೊಂಡಿತು. ದಕ್ಷಿಣದವರು ದಂಗೆಯೆದ್ದು ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಅಧ್ಯಕ್ಷ ಲಿಂಕನ್ನರು 1862ರ ಸೆಪ್ಟೆಂಬರ್ 22ರಂದು ಒಂದು ಪ್ರಕಟಣೆ ಹೊರಡಿಸಿ, ಜನವರಿ 1ರೊಳಗೆ ಶರಣಾಗದ ಪ್ರಾಂತಗಳ ಗುಲಾಮರು ಅಂದಿನಿಂದ ಸ್ವತಂತ್ರರೆಂದು ಸಾರಿದರು. ಆದುದರಿಂದ ಆ ವರುಷದ ಕಡೆಯ ರಾತ್ರಿ, ನೀಗ್ರೋ ಜನರು ದೇವಾಲಯಗಳಲ್ಲಿಯೂ ಗುಡಿಸಲುಗಳಲ್ಲಿಯೂ ಕೂಡಿಕೊಂಡು ನಡುರಾತ್ರಿಯನ್ನು ಎದುರುನೋಡಿದರು. ಅಧ್ಯಕ್ಷರು ಮಾತಿಗೆ ತಪ್ಪಿದರೆ? ಯಾರೂ ಖಂಡಿತವಾಗಿ ಹೇಳುವಂತಿರಲಿಲ್ಲ. ನಿಜವಾಗಿ ನಡುರಾತ್ರಿ ಹೊಡೆದಾಗ ಆ ಪತ್ರಕ್ಕೆ ಇನ್ನೂ ಸಹಿ ಬಿದ್ದಿರಲಿಲ್ಲ. ಮರುದಿನ ಬೆಳಿಗ್ಗೆ ಲಿಂಕನ್ನರು ಹೊಸ ವರುಷದ ವಾಡಿಕೆಯಂತೆ ಮೂರು ಗಂಟೆಗಳ ಕಾಲ ಬಂದವರೆಲ್ಲರ ಕೈಕುಲುಕಿ, ಮಧ್ಯಾಹ್ನ ಲೇಖನಿಯನ್ನು ಹಿಡಿದಾಗ ಕೈ ನಡುಗಿತು. ಅಕ್ಷರ ನಡುಗಿದರೆ ಮುಂದಿನವರು ತಾನು ಹಿಂಜರಿದೆನೆಂದಾರು ಎಂದು ಸ್ವಲ್ಪ ತಡೆದು, ಮೆಲ್ಲನೆ ಸ್ಥಿರವಾಗಿ ಸಹಿ ಹಾಕಿದರು. ಬೋಸ್ಟನ್ನಿನ ಟ್ರೆಮಂಟ್ ಮಂದಿರದಲ್ಲಿ ಫ್ರೆಡರಿಕ್ ಡಗ್ಲಸರೇ ಮೊದಲಾದವರು ತಂತಿಯ ಸುದ್ದಿಗಾಗಿ ಕಾದರು. ರಾತ್ರಿ ಎಂಟಾಯಿತು, ಒಂಬತ್ತಾಯಿತು, ಹತ್ತಾಯಿತು. ಎಲ್ಲರ ಮುಖವೂ ಬಾಡತೊಡಗಿತು. ಕಡೆಗೆ ಒಬ್ಬನು ಓಡಿಬಂದು, ತಂತಿಯಲ್ಲಿ ಬರುತ್ತಲಿದೆ ಎಂದು ಕೂಗಿದನು. ಆ ಮಂದಿರವನ್ನು ನಡುರಾತ್ರಿಗೆ ಬಿಡಬೇಕಾಗಿ ಬಂದುದರಿಂದ, ಅವರು ಬೇರೊಂದು ದೇವಾಲಯಕ್ಕೆ ಹೋಗಿ ಬೆಳಗಿನ ತನಕ ಹಾಡಿದರು. ಆ ಪ್ರಕಟಣೆಯಿಂದ ಎಲ್ಲ ಗುಲಾಮರೂ ಒಮ್ಮೆಲೇ ಬಿಡುಗಡೆ ಹೊಂದಲಿಲ್ಲ. ದಂಗೆಯೇಳದ ಪ್ರಾಂತಗಳಿಗೆ ಅದು ಅನ್ವಯಿಸಲೇ ಇಲ್ಲ. ರಾಜ್ಯಾಂಗದ ತಿದ್ದುಪಡಿಯಿಂದ ಗುಲಾಮಗಿರಿಯು ಪೂರ್ತಿಯಾಗಿ ರದ್ದಾದುದು 1865ರ ಡಿಸೆಂಬರಿನಲ್ಲಿ.

ಆ ಜನವರಿ 1ರ ಹಗಲನ್ನು ಒಬ್ಬ ಉಪಾಧ್ಯಾಯಿನಿಯ ಕಣ್ಣಿನಿಂದ ನೋಡುವ ಭಾಗ್ಯ ನಮಗಿದೆ. ಷಾರ್ಲೆಟ್ ಫೋರ್ಟನ್ ಎಂಬಾಕೆ ಫಿಲಡೆಲ್ಫಿಯದ ಸ್ವತಂತ್ರ ನೀಗ್ರೋ ಮನೆತನದವರು, ಆಗ 25 ವರುಷದವರು. ದಕ್ಷಿಣ ಕೆರೊಲೈನದ ಸೇಂಟ್ ಹೆಲೆನ ದ್ವೀಪದಲ್ಲಿ, ಯಜಮಾನರು ಬಿಟ್ಟೋಡಿದ ಗುಲಾಮರ ಮಕ್ಕಳಿಗೆ ಅಕ್ಷರ ಕಲಿಸಲು 1862ರಲ್ಲಿ ಹೋದರು. ತರಗತಿಗಳು ನಡೆಯುತ್ತಿದ್ದುದು ಗುಲಾಮರೇ ಕಟ್ಟಿದ ಇಟ್ಟಿಗೆಯ ದೇವಾಲಯವೊಂದರಲ್ಲಿ. ಹೊಸ ವರುಷದ ದಿನ ಆಕೆ ಕ್ಯಾಂಪ್ ಸ್ಯಾಕ್ಸ್ಟನ್ ಎಂಬ ಸೈನ್ಯದ ಬೀಡಿಗೆ ಹೋಗಿ, ಬೃಹದಾಕಾರದ ಓಕ್ ಮರಗಳ ತೋಪಿನಲ್ಲಿ ನೆರೆದ ಜನಸಮೂಹವನ್ನು ಕಂಡರು. ಪ್ರಕಟಣೆಯನ್ನು ಓದಿಯಾಯಿತು; ಸೇನಾಪತಿ ಹಿಗ್ಗಿನ್ಸನ್ನರು ಬಾವುಟವನ್ನು ಕೈಗೆ ತೆಗೆದುಕೊಂಡರು. ಅಷ್ಟರಲ್ಲಿ, ಕಾರ್ಯಕ್ರಮದಲ್ಲಿ ಇಲ್ಲದಿದ್ದರೂ, ವೇದಿಕೆಯ ಬಳಿ ಒಬ್ಬ ಮುದುಕನೂ ಇಬ್ಬರು ಹೆಂಗಸರೂ ತಮ್ಮಷ್ಟಕ್ಕೆ ತಾವೇ ದೇಶದ ಗೀತವನ್ನು ಹಾಡತೊಡಗಿದರು. ವೇದಿಕೆಯ ಮೇಲಿದ್ದ ಬಿಳಿಯರೂ ದನಿಗೂಡಿಸಲು ಹೊರಟಾಗ ಹಿಗ್ಗಿನ್ಸನ್ನರು ಅವರನ್ನು ತಡೆದರು. ಆ ಹಾಡು ಅಂದು ಹಾಡುವವರಿಗೇ ಸೇರಿದ್ದು. ಆ ಮೇಲೆ ಭೋಜನ. ಕುಡಿಯುವದಕ್ಕೆ ಕಾಕಂಬಿ, ಶುಂಠಿ, ಹುಳಿ ಬೆರಸಿದ ಪಾನಕ. ನಮ್ಮ ಶ್ರೀರಾಮನವಮಿಯ ಪಾನಕಕ್ಕೆ ಅದು ದೂರದ ನಂಟೆಂದು ನಾವು ಎಣಿಸುತ್ತೇವೆ. ಹಬ್ಬ ಮುಗಿದ ಮೇಲೆ ಷಾರ್ಲೆಟ್ ತಮ್ಮ ಶಾಲೆಗೆ ಮರಳಿ 1864ರ ವರೆಗೆ ಪಾಠ ಹೇಳಿದರು. ಆ ಪೆನ್ ಶಾಲೆಯು 1948ರಲ್ಲಿ ನಿಂತುಹೋದರೂ ಕಟ್ಟಡಗಳು ಉಳಿದಿವೆ.

ನೀಗ್ರೋ ಸಭೆಗಳಲ್ಲಿ ವರುಷದ ಕಡೆಯ ರಾತ್ರಿಯ ಕೂಟವು ಇಂದಿಗೂ ತಪ್ಪಿಲ್ಲ. ಮೊದಲು ಸಾಕ್ಷಿಗಳು: ಕಳೆದ ವರುಷದಲ್ಲಿ ಬಂದ ರೋಗ, ಸಾವು, ಉಪಕಾರ, ಇವುಗಳನ್ನು ಒಬ್ಬೊಬ್ಬರಾಗಿ ಎದ್ದುನಿಂತು ಹೇಳುವರು. ಬಳಿಕ ಮೊಣಕಾಲೂರಿ ಮೌನ. ಮರುದಿನ ಮನೆಗಳಲ್ಲಿ ಅಕ್ಕಿಯೊಡನೆ ಬೇಯಿಸಿದ ಅಲಸಂದೆ ಕಾಳನ್ನು ಬಂಧುಮಿತ್ರರೊಡನೆ ಉಣ್ಣುವರು. ಅಲಸಂದೆಯ ಮೂಲಸ್ಥಾನ ಆಫ್ರಿಕ. ಆ ಜನರ ಪೂರ್ವಜರನ್ನು ಸರಪಳಿ ಬಿಗಿದು ಹೊತ್ತು ತಂದ ಕಾಲದಲ್ಲಿಯೇ ಆ ಕಾಳೂ ಸಮುದ್ರ ದಾಟಿ ಬಂದಿತು. ಅದೇ ಕಾಳು ಬಹು ಹಿಂದೆಯೇ ಆಫ್ರಿಕದಿಂದ ನಮ್ಮ ದೇಶಕ್ಕೂ ಬಂದು, ನಮ್ಮ ತಾಯಂದಿರ ಸಾರಿನ ಗಡಿಗೆಯನ್ನು ಸೇರಿದೆ. ಈ ಜನವರಿಯಲ್ಲಿ ಹಳೆಯ ವಿದ್ಯಾರ್ಥಿನಿಯರು ಸ್ನೇಹಿತೆಯರ ಮನೆಗಳಿಗೆ ಹೋದಾಗ ಎಲೆಯಲ್ಲಿ ಅಲಸಂದೆಯ ಪಲ್ಯ ಬಿದ್ದರೆ, ಹರಾಜಿನ ಕಟ್ಟೆಯ ಆ ತಾಯಿಯ ಮಾತನ್ನೂ ಊಟದ ನಡುವೆ ಒಮ್ಮೆ ಎತ್ತಬಹುದು.