ಖಾಲಿ ಪರದೆಯ ಮೊದಲ ಅಕ್ಷರ

ಗುಂಡಿ ಒತ್ತಿದ ಕ್ಷಣದಲ್ಲಿ ಕಂಪ್ಯೂಟರಿಗೆ ಏನೂ ಗೊತ್ತಿರುವುದಿಲ್ಲ. ಫೈಲು ಎಂದರೇನು, ಮೌಸ್ ಎಂದರೇನು, ಡಿಸ್ಕಿನಲ್ಲಿ ಯಾರ ಮದುವೆಯ ಫೋಟೊಗಳಿವೆ, ಯಾವುದೂ ತಿಳಿಯದು. ಹಳೆಯ ಪಿಸಿಗಳ ಪದ್ಧತಿಯಲ್ಲಿ, ಮದರ್‌ಬೋರ್ಡಿನ ಚಿಪ್ಪೊಳಗಿರುವ ಬಯೋಸ್ ಎಂಬ ಪುಟ್ಟ ಪ್ರೋಗ್ರಾಂ ಎಚ್ಚೆತ್ತು ಡಿಸ್ಕಿನ ಮೊದಲ 512 ಬೈಟುಗಳನ್ನಷ್ಟೇ ಓದುತ್ತದೆ. ಕೊನೆಯ ಎರಡು ಬೈಟು 85 ಮತ್ತು 170 ಆಗಿದ್ದರೆ ಆ ತುಣುಕನ್ನು ಮೆಮೊರಿಯ 31,744ನೇ ವಿಳಾಸದಲ್ಲಿ ಇಳಿಸಿ, ಇನ್ನು ನಿನ್ನ ಪಾಡು ನಿನಗೆ ಎಂಬಂತೆ ಪ್ರೊಸೆಸರನ್ನು ಅಲ್ಲಿಗೆ ಕಳಿಸಿಬಿಡುತ್ತದೆ. ಸೊನ್ನೆಯಿಂದ ಆಪರೇಟಿಂಗ್ ಸಿಸ್ಟಂ ಬರೆಯಹೊರಟವರಿಗೆ ಮೊದಲು ಸಿಗುವುದು ಇಷ್ಟೇ ಜಾಗ, 510 ಬೈಟು. ಯೂನಿಕೋಡಿನ ವಾಡಿಕೆಯ ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕು. ನೀವೀಗ ಓದಿದ ಈ ಪ್ಯಾರಾ ಕೂಡ ಅಲ್ಲಿ ಹಿಡಿಸದು. ಹಾಗಾಗಿ ಆ ಪುಟ್ಟ ತುಣುಕಿನ ಮುಖ್ಯ ಕೆಲಸವೆಂದರೆ ಡಿಸ್ಕಿನಿಂದ ತನಗಿಂತ ದೊಡ್ಡದಾದ ಇನ್ನೊಂದು ತುಣುಕನ್ನು ಎಳೆದು ತರುವುದು.

ಪರದೆಯ ಮೇಲೆ ಒಂದು ಅಕ್ಷರ ಮೂಡಿಸಬೇಕೆನ್ನಿ. ಅದಕ್ಕೆ ಆಪರೇಟಿಂಗ್ ಸಿಸ್ಟಮ್ಮಿನ ಸಿದ್ಧ ಆಜ್ಞೆ ಯಾವುದೂ ಇಲ್ಲ, ಏಕೆಂದರೆ ಅಂಥ ಆಜ್ಞೆಯನ್ನು ಬರೆಯಬೇಕಾದವರೇ ನೀವು. ಪಿಸಿಯ ಹಳೆಯ ಅಕ್ಷರ ಪರದೆಯಲ್ಲಿ 25 ಸಾಲು, ಸಾಲಿಗೆ 80 ಮನೆ. ಒಂದೊಂದು ಮನೆಗೂ ಎರಡೆರಡು ಬೈಟು: ಒಂದರಲ್ಲಿ ಅಕ್ಷರ, ಇನ್ನೊಂದರಲ್ಲಿ ಬಣ್ಣ. ಮೆಮೊರಿಯ 7,53,664ನೇ ವಿಳಾಸದಲ್ಲಿ 65 ಎಂದು, ಪಕ್ಕದಲ್ಲಿ 7 ಎಂದು ಬರೆದರೆ ಪರದೆಯ ಮೇಲಿನ ಎಡಮೂಲೆಯಲ್ಲಿ ನಸುಬೂದು ಬಣ್ಣದ ಇಂಗ್ಲಿಷ್ ‘ಎ’ ಮೂಡುತ್ತದೆ. ನಡುವೆ ಬೇರೆ ಯಾರ ಪ್ರೋಗ್ರಾಮೂ ಇಲ್ಲ. ಅದನ್ನು ಮೊದಲ ಸಲ ಕಂಡಾಗ ಆಗುವ ಸಂತೋಷವನ್ನು ನಾನು ಬೇರೆ ಯಾವ ಕೋಡ್‌ನಲ್ಲೂ ಪಡೆದಿಲ್ಲ.

ಆದರೆ ಆ ಪರದೆಗೆ ಸಾಮಾನ್ಯವಾಗಿ ಗೊತ್ತಿರುವುದು 256 ಆಕಾರಗಳು ಮಾತ್ರ. ನಮ್ಮ ‘ಸ್ತ್ರೀ’ ಎಂಬ ಒಂದು ಅಕ್ಷರವನ್ನು ತೆಗೆದುಕೊಳ್ಳಿ. ಯೂನಿಕೋಡಿನಲ್ಲಿ ಅದು ಆರು ಸಂಕೇತಗಳ ಸಾಲು: ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರದ ಗುರುತು. ಒತ್ತು ಎಲ್ಲಿ ಕೂರಬೇಕು, ಗುಡಿಸು ಯಾವುದರ ಮೇಲೆ ಬರಬೇಕು ಎಂಬುದನ್ನೆಲ್ಲ ಲೆಕ್ಕ ಹಾಕಿ, ಚುಕ್ಕಿ ಚುಕ್ಕಿಯಾಗಿ ಬಿಡಿಸುವ ಪ್ರೋಗ್ರಾಂ ಬೇರೆಯೇ ಬೇಕು. ಹೊಸ ಸಿಸ್ಟಮ್ಮಿನಲ್ಲಿ ಅದನ್ನೂ ಯಾರಾದರೂ ಕೂತು ಬರೆದರೆ ಮಾತ್ರ ಕನ್ನಡ ಕಾಣುತ್ತದೆ.

ಮುಂದಿನ ಘಟ್ಟ ಒಂದೇ ಪ್ರೊಸೆಸರಿನಲ್ಲಿ ಎರಡು ಕೆಲಸ ನಡೆಸುವುದು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತನ್ನ 386 ಯಂತ್ರದಲ್ಲಿ ಮಾಡಿ ನೋಡಿದ್ದೂ ಇದನ್ನೇ. ಒಂದು ಕೆಲಸ ‘ಎ’ಗಳನ್ನು ಬರೆಯುತ್ತಿತ್ತು, ಇನ್ನೊಂದು ‘ಬಿ’ಗಳನ್ನು. ಯಂತ್ರದಲ್ಲಿರುವ ಟೈಮರ್ ಚಿಪ್ಪನ್ನು ನಾವು ಸೆಕೆಂಡಿಗೆ 100 ಸಲ ಪ್ರೊಸೆಸರಿನ ಬಾಗಿಲು ತಟ್ಟುವಂತೆ ಹೊಂದಿಸಬಹುದು. ತಟ್ಟಿದ ಕೂಡಲೇ ಪ್ರೊಸೆಸರ್ ಕೈಯಲ್ಲಿದ್ದುದನ್ನು ನಿಲ್ಲಿಸಿ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್‌ಗೆ ಬರುತ್ತದೆ. ಓದುತ್ತಿದ್ದ ಪುಸ್ತಕದಲ್ಲಿ ನವಿಲುಗರಿ ಇಟ್ಟು ಇನ್ನೊಂದನ್ನು ತೆರೆದಂತೆ, ಕರ್ನೆಲ್ ಮೊದಲ ಕೆಲಸದ ರಿಜಿಸ್ಟರುಗಳನ್ನೆಲ್ಲ, ಅಂದರೆ ಪ್ರೊಸೆಸರಿನೊಳಗಿನ ಪುಟ್ಟ ಖಾನೆಗಳಲ್ಲಿದ್ದುದನ್ನೆಲ್ಲ, ಮೆಮೊರಿಯಲ್ಲಿ ಬರೆದಿಟ್ಟು, ಎರಡನೆಯದರ ರಿಜಿಸ್ಟರುಗಳನ್ನು ತುಂಬುತ್ತದೆ. ಹಾಡು ಕೇಳುತ್ತ ಪತ್ರ ಟೈಪಿಸುವುದು ಸಾಧ್ಯವಾಗುವುದು ಈ ಎತ್ತಿಡುವಿಕೆಯಿಂದ.

ಇಲ್ಲಿ ಒಂದೇ ಒಂದು ರಿಜಿಸ್ಟರ್ ತಪ್ಪಿದರೂ ಎಲ್ಲ ಹೋಯಿತು. ನಾನು ಬರೆದದ್ದರಲ್ಲಿ ಇಟ್ಟ ರಿಜಿಸ್ಟರುಗಳಿಗಿಂತ ತೆಗೆದದ್ದು ಒಂದು ಕಡಿಮೆಯಿತ್ತು. ಪ್ರೊಸೆಸರ್ ವಾಪಸು ಹೋಗಬೇಕಾದ ವಿಳಾಸದ ಬದಲು ಯಾವುದೋ ಸಂಖ್ಯೆಯನ್ನು ವಿಳಾಸವೆಂದು ನಂಬಿ ಅಲ್ಲಿಗೆ ಹಾರಿತು. ತಪ್ಪು ಎದುರಾದಾಗ ನೋಡಿಕೊಳ್ಳಬೇಕಾದ ಕೋಡಿನಲ್ಲೂ ತಪ್ಪು, ಅದನ್ನು ಸಂಭಾಳಿಸಬೇಕಾದದ್ದರಲ್ಲೂ ತಪ್ಪು. ಮೂರನೇ ಸಲಕ್ಕೆ ಪ್ರೊಸೆಸರ್ ಕೈಚೆಲ್ಲುತ್ತದೆ, ಯಂತ್ರ ಮರುಹುಟ್ಟು ಪಡೆಯುತ್ತದೆ. ಕ್ಯೂಎಮು ಎಂಬ ನಕಲು ಯಂತ್ರದ ಕಿಟಕಿ ರಾತ್ರಿಯಿಡೀ ಮಿನುಗಿ ಮಿನುಗಿ ಹೊಸದಾಗಿ ಶುರುವಾಗುತ್ತಲೇ ಇತ್ತು. ಒಂದು ಸಾಲಿನ ದೂರು ಕೂಡ ಪರದೆಗೆ ಬರಲಿಲ್ಲ. ದೂರು ಬರೆಯುವ ಕೋಡನ್ನೂ ನಾನೇ ಬರೆಯಬೇಕಿತ್ತು.

ಇಂಥ ಸಾವಿರಾರು ರಾತ್ರಿಗಳ ಮೇಲೆ ನಿಂತಿರುವುದು ಸೆರೆನಿಟಿ ಓಎಸ್ ಎಂಬ ಆಪರೇಟಿಂಗ್ ಸಿಸ್ಟಂ. ಅದನ್ನು ಶುರುಮಾಡಿದ ಸ್ವೀಡನ್ನಿನ ಆಂದ್ರೆಯಾಸ್ ಕ್ಲಿಂಗ್, 2018ರಲ್ಲಿ ವ್ಯಸನಮುಕ್ತಿ ಚಿಕಿತ್ಸೆ ಮುಗಿಸಿ ಬಂದಾಗ ದಿನಗಳನ್ನು ತುಂಬಲು ಒಂದು ಕೆಲಸ ಬೇಕಿತ್ತು ಎಂದು ತಾವೇ ಹೇಳಿಕೊಂಡಿದ್ದಾರೆ. ಚೇತರಿಕೆಯ ಕೂಟಗಳಲ್ಲಿ ಹೇಳುವ ಶಾಂತಿ (ಸೆರೆನಿಟಿ) ಪ್ರಾರ್ಥನೆಯಿಂದಲೇ ಅದರ ಹೆಸರು. ಆ್ಯಪಲ್‌ನಲ್ಲಿ ಬ್ರೌಸರ್ ಎಂಜಿನ್ ಮೇಲೆ ದುಡಿದಿದ್ದ ಅವರು ಇಲ್ಲಿ ಪಟ್ಟಾಗಿ ಹಿಡಿದ ನಿಯಮ ಒಂದು: ಮೂಲ ಸಿಸ್ಟಮ್ಮಿನಲ್ಲಿ ಬೇರೆಡೆಯಿಂದ ತಂದ ಕೋಡ್ ಬೇಡ. ಕರ್ನೆಲ್, ಸಿ ಲೈಬ್ರರಿ, ಕಿಟಕಿಗಳು, ಚಿತ್ರ ಬಿಚ್ಚುವ ಕೋಡ್, ಕಡೆಗೆ ಬ್ರೌಸರ್ ಕೂಡ ಅಲ್ಲೇ ಹುಟ್ಟಿದವು. ನೋಡಲು ತೊಂಬತ್ತರ ದಶಕದ ಡೆಸ್ಕ್‌ಟಾಪ್, ಒಳಗೆ ಯುನಿಕ್ಸ್ ಬಗೆಯ ರಚನೆ. ಕೋಡ್ ಎಲ್ಲರಿಗೂ ಮುಕ್ತವಾದ್ದರಿಂದ ನೂರಾರು ಜನ ಕೈಜೋಡಿಸಿದರು. ನನಗೆ ಅದರಲ್ಲಿ ಎಲ್ಲಕ್ಕಿಂತ ಅಮೂಲ್ಯವೆನಿಸುವುದು, ಮೌಸ್ ಕ್ಲಿಕ್ ಆದಲ್ಲಿಂದ ಜಾಲಪುಟ ಕಾಣುವವರೆಗಿನ ಇಡೀ ದಾರಿಯನ್ನು ಒಂದೇ ಮನೆಯೊಳಗೆ ನಡೆದು ನೋಡಬಹುದು ಎಂಬುದು.

ಅಲ್ಲಿ ಪುಟ್ಟ ಎಚ್‌ಟಿಎಂಎಲ್ ವೀಕ್ಷಕವಾಗಿ ಶುರುವಾದದ್ದು ಲೇಡಿಬರ್ಡ್ ಬ್ರೌಸರ್ ಆಗಿ ಬೆಳೆದು 2024ರಲ್ಲಿ ಮನೆಯಿಂದ ಬೇರೆಯಾಯಿತು. ಕ್ಲಿಂಗ್ ಅದರ ಜೊತೆ ಹೋದರು. ಸೆರೆನಿಟಿಯ ಕೋಡನ್ನು ಈಗ ಬೇರೆ ಸ್ವಯಂಸೇವಕರು ನೋಡಿಕೊಳ್ಳುತ್ತಿದ್ದಾರೆ.