ಸೊಳ್ಳೆಗೆ ಹೊಗೆ ಹಾಕಿದ್ದಾಯಿತು. ಡ್ರಮ್ಮು ಬೋರಲು ಹಾಕಿದ್ದೀರಾ?

ಶಿವಮೊಗ್ಗ: ಸಂಜೆ ಆರು ಗಂಟೆ ಆಗುತ್ತಿದ್ದಂತೆ ಗಾಂಧಿ ಬಜಾರಿನ ಅಂಗಡಿಗಳಲ್ಲಿ ಎರಡು ಕೆಲಸ ಒಟ್ಟಿಗೇ ನಡೆಯುತ್ತವೆ. ದೇವರ ಪಟಕ್ಕೆ ಊದುಬತ್ತಿ, ಗಲ್ಲಾಪೆಟ್ಟಿಗೆಯ ಕೆಳಗೆ ಸೊಳ್ಳೆಬತ್ತಿ. ಲೋಬಾನದ ತಟ್ಟೆ ಹಿಡಿದ ಫಕೀರರು ಬಂದು ಒಂದು ಸುತ್ತು ಹೊಗೆ ಬೀಸಿ ಹೋದರೆ ಲಕ್ಷ್ಮಿ ಒಳಗೆ ಬರುತ್ತಾಳೋ ಇಲ್ಲವೋ, ಸೊಳ್ಳೆಯಂತೂ ಸ್ವಲ್ಪ ಹೊತ್ತು ಹೊರಗೆ ಹೋಗುತ್ತದೆ.

ಹೊರಗೆ ಹೋದ ಸೊಳ್ಳೆ ಎಲ್ಲಿಗೆ ಹೋಗುತ್ತದೆ? ಬಸ್ ನಿಲ್ದಾಣಕ್ಕೆ! ಸಾಗರದ ಬಸ್ಸಿಗೆ, ತೀರ್ಥಹಳ್ಳಿಯ ಬಸ್ಸಿಗೆ ಕಾಯುವವರು ಎಡಗಾಲಿನಿಂದ ಬಲಗಾಲು, ಬಲಗಾಲಿನಿಂದ ಎಡಗಾಲು ಕೆರೆದುಕೊಳ್ಳುತ್ತಾ ಅಲ್ಲೇ ಒಂದು ಬಗೆಯ ನಾಟ್ಯ ಆಡುತ್ತಿರುತ್ತಾರೆ. "ಎಂಥ ಹಾಕಿದ್ರೂ ಹೋಗಲ್ಲ ಮಾರಾಯ್ರೆ" ಅನ್ನೋದು ಎಲ್ಲರ ಬಾಯಲ್ಲೂ ಇರುವ ಮಾತು.

ಹಾಗಾದರೆ ಮನೆಮದ್ದು ಎಂಬುದೆಲ್ಲ ಸುಳ್ಳೇ? ಅಲ್ಲ. ಆದರೆ ಯಾವ ಮದ್ದು ಯಾವ ಸೊಳ್ಳೆಗೆ, ಎಷ್ಟು ಹೊತ್ತಿಗೆ ಎಂಬ ಲೆಕ್ಕ ಗೊತ್ತಿರಬೇಕು. ಲೆಕ್ಕ ತಪ್ಪಿದರೆ ಹೋಗುವುದು ಬರೀ ನಿದ್ದೆಯಲ್ಲ, ಕೆಲವೊಮ್ಮೆ ಜೀವ.

ಅಜ್ಜಿಯ ಕೆಂಡ

ಮಲೆನಾಡಿನ ಮನೆಗಳಲ್ಲಿ ಮುಸ್ಸಂಜೆಯ ಹೊಗೆ ಹಳೆಯ ಪದ್ಧತಿ. ಒಣಗಿದ ಬೇವಿನ ಸೊಪ್ಪು, ಲಕ್ಕಿ ಸೊಪ್ಪು, ಅಡಿಕೆ ಸಿಪ್ಪೆ, ತೆಂಗಿನ ನಾರು, ಬೆರಣಿ - ಯಾವುದು ಕೈಗೆ ಸಿಕ್ಕಿತೋ ಅದನ್ನು ಕೆಂಡದ ಮೇಲೆ ಹಾಕುವುದು. ಕೊಟ್ಟಿಗೆಯಲ್ಲಿ ದನಗಳಿಗೂ ಇದೇ ಉಪಚಾರ. ಮನೆಯಲ್ಲಾದರೆ ಮೇಲೊಂದು ಚಿಟಿಕೆ ಸಾಂಬ್ರಾಣಿ.

ಇದರಲ್ಲಿ ಹುರುಳಿದೆ. ಸೊಳ್ಳೆ ನಮ್ಮನ್ನು ಹುಡುಕುವುದು ನಾವು ಬಿಡುವ ಉಸಿರಿನ ಜಾಡು, ಮೈಯ ಬೆವರಿನ ವಾಸನೆ, ಮೈಯ ಬಿಸಿ ಹಿಡಿದು. ಹೊಗೆ ಆ ಜಾಡನ್ನು ಕೆಡಿಸುತ್ತದೆ. ಆದರೆ ಹೊಗೆ ತಿಳಿಯಾಯಿತು ಅಂದರೆ ಸೊಳ್ಳೆ ವಾಪಸ್ಸು. ಅಜ್ಜಿ ಹೊತ್ತು ಮುಳುಗುವ ಹೊತ್ತಿಗೇ ಹೊಗೆ ಹಾಕಿ, ಆಮೇಲೆ ಬಾಗಿಲು ಹಾಕುತ್ತಿದ್ದದ್ದು ಸುಮ್ಮನೆ ಅಲ್ಲ.

ಈಗ ಆಗುತ್ತಿರುವುದು ಬೇರೆ. ಕಿಟಕಿ, ಬಾಗಿಲು ಭದ್ರಮಾಡಿ, ಹತ್ತಡಿ ಕೋಣೆಯಲ್ಲಿ ರಾತ್ರಿಯಿಡೀ ಸೊಳ್ಳೆಬತ್ತಿ ಉರಿಸಿ, ಪಕ್ಕದಲ್ಲೇ ಮಗುವನ್ನು ಮಲಗಿಸುವುದು. ಒಂದು ಸೊಳ್ಳೆಬತ್ತಿ ಪೂರ್ತಿ ಉರಿದರೆ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟು ಸುಟ್ಟಷ್ಟು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿದೆ. ಅಂಗಡಿಯಲ್ಲಿ ಬೀಡಿ ಸೇದಬೇಡಿ ಎಂದು ಗಿರಾಕಿಯನ್ನು ಗದರಿಸುವ ಸಾಹುಕಾರರು, ತಮ್ಮ ಕಾಲ ಬುಡದಲ್ಲಿ ಏನು ಉರಿಯುತ್ತಿದೆ ಎಂದು ಒಮ್ಮೆ ಬಗ್ಗಿ ನೋಡುವುದು ಒಳ್ಳೆಯದು. ಬೇವಿನ ಸೊಪ್ಪಿನ ಹೊಗೆಯಾದರೂ ಹೊಗೆಯೇ. ದಮ್ಮು ಇದ್ದವರಿಗೆ, ಎಳೆಗೂಸುಗಳಿಗೆ ಅದೂ ಬೇಡ. ಮಗುವಿಗೆ ಸೊಳ್ಳೆ ಪರದೆಗಿಂತ ದೊಡ್ಡ ಮದ್ದಿಲ್ಲ.

ಕಾಲು ಲೀಟರಿಗೆ ಒಂದು ಚಮಚ

ಹಚ್ಚಿಕೊಳ್ಳುವ ಮದ್ದುಗಳಲ್ಲಿ ಬೇವಿನೆಣ್ಣೆಗೆ ಮೊದಲ ಮಣೆ. ಕೊಬ್ಬರಿ ಎಣ್ಣೆಗೆ ನೂರಕ್ಕೆ ಎರಡು ಪಾಲು ಬೇವಿನೆಣ್ಣೆ ಬೆರೆಸಿ ಹಚ್ಚಿದಾಗ ಮಲೇರಿಯಾ ಹರಡುವ ಜಾತಿಯ ಸೊಳ್ಳೆಗಳು 12 ಗಂಟೆ ಕಚ್ಚಲಿಲ್ಲ ಎಂದು ದೆಹಲಿಯ ಮಲೇರಿಯಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 1993ರಲ್ಲಿ ಪ್ರಕಟಿಸಿದರು. ಮನೆಯ ಲೆಕ್ಕದಲ್ಲಿ ಹೇಳುವುದಾದರೆ ಕಾಲು ಲೀಟರ್ ಕೊಬ್ಬರಿ ಎಣ್ಣೆಗೆ ಒಂದು ಟೀ ಚಮಚ ಬೇವಿನೆಣ್ಣೆ. ಮೊದಲು ಮೊಣಕೈ ಮೇಲೆ ಸ್ವಲ್ಪ ಹಚ್ಚಿ, ಉರಿ-ತುರಿಕೆ ಇಲ್ಲವೆಂದು ನೋಡಿಕೊಂಡು ಮುಂದುವರಿಯಬೇಕು. ಹೊಟ್ಟೆಗೆ ಮಾತ್ರ ಕೂಡದು.

ಆದರೆ ಒಂದು ಮಾತು. ಆ ಪರೀಕ್ಷೆ ರಾತ್ರಿ ಕಚ್ಚುವ ಮಲೇರಿಯಾ ಸೊಳ್ಳೆಯ ಮೇಲೆ ನಡೆದದ್ದು. ಹಗಲಲ್ಲಿ ಕಚ್ಚುವ ಡೆಂಗಿ ಸೊಳ್ಳೆಗೆ ಅದೇ ಭರವಸೆ ಇಟ್ಟುಕೊಳ್ಳಬಾರದು.

ಮಜ್ಜಿಗೆ ಹುಲ್ಲಿನ ಎಣ್ಣೆ, ನೀಲಗಿರಿ ಎಣ್ಣೆಗಳ ಘಮ ಒಂದೆರಡು ಗಂಟೆಯಲ್ಲಿ ಹಾರಿಹೋಗುತ್ತದೆ. ಮತ್ತೆ ಮತ್ತೆ ಹಚ್ಚಬೇಕು. ಕರ್ಪೂರವನ್ನು ನೀರಲ್ಲಿ ಹಾಕಿ ಮೂಲೆಯಲ್ಲಿಡುವವರು ಮಕ್ಕಳಿರುವ ಮನೆಯಲ್ಲಿ ಹುಷಾರಾಗಿರಬೇಕು. ಮಗು ಕಲ್ಲುಸಕ್ಕರೆಯೆಂದು ಬಾಯಿಗೆ ಹಾಕಿಕೊಂಡರೆ ಫಿಟ್ಸ್ ಬರುವ ಅಪಾಯವಿದೆ. ಬೆಳ್ಳುಳ್ಳಿ ತಿಂದರೆ ಸೊಳ್ಳೆ ಹತ್ತಿರ ಬರಲ್ಲ ಅನ್ನೋದಕ್ಕೆ ಆಧಾರವಿಲ್ಲ. ಪಕ್ಕದ ಸೀಟಿನವರು ಬರದೇ ಇರಬಹುದು, ಅಷ್ಟೆ.

ಕಾಡಿನ ಉಣುಗಿಗೆ ಹೊಗೆ ಸಾಲದು

ಸಾಗರ, ಸೊರಬ, ತೀರ್ಥಹಳ್ಳಿ ಕಡೆಯ ಬಸ್ಸು ಹತ್ತುವವರಿಗೆ ಸೊಳ್ಳೆಯ ಜೊತೆ ಇನ್ನೊಂದು ಕಾಟ ಉಂಟು. ಅದು ಉಣುಗು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಇದರ ಕಡಿತದಿಂದ. ಇದಕ್ಕೆ ರೆಕ್ಕೆಯಿಲ್ಲ, ತರಗೆಲೆಯ ಮೇಲೆ ಕಾದು ಕುಳಿತು, ಹಾದುಹೋಗುವವರ ಕಾಲಿಗೆ ಹತ್ತಿಕೊಳ್ಳುತ್ತದೆ. ಉಂಬಳಕ್ಕೆ ಹಚ್ಚುವ ಸುಣ್ಣ-ಹೊಗೆಸೊಪ್ಪು ಇದಕ್ಕೂ ಆದೀತೆಂದು ನಂಬಿ ಕಾಡಿಗೆ ಹೋಗುವುದು ತಪ್ಪು.

ಇಲ್ಲಿ ಮನೆಮದ್ದಿನ ಜಾಗಕ್ಕೆ ಸರ್ಕಾರಿ ಮದ್ದೇ ಬರಬೇಕು. ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯದಲ್ಲಿ ತಯಾರಾದ ಡೆಪಾ ತೈಲವನ್ನು ಆರೋಗ್ಯ ಇಲಾಖೆ ಕಾಡಂಚಿನ ಹಳ್ಳಿಗಳಲ್ಲಿ ಹಂಚುತ್ತಾ ಬಂದಿದೆ. ಅದನ್ನು ಕೈಕಾಲಿಗೆ ಹಚ್ಚಿಕೊಂಡು ಕಾಡಿಗೆ ಹೋಗುವುದು. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡುವುದು. ಮಂಗ ಸತ್ತ ಕಡೆಯಿಂದ ಕೊಟ್ಟಿಗೆಗೆ ತರಗು ತಾರದಿರುವುದು. ಹಿಂದೆ ಹಾಕುತ್ತಿದ್ದ ಲಸಿಕೆ 2022ರಲ್ಲಿ ನಿಂತಿತು. ಹೀಗಾಗಿ ಈ ಮೂರು ಎಚ್ಚರಿಕೆಗಳ ಬೆಲೆ ಇನ್ನೂ ಹೆಚ್ಚಿತು.

ಹಗಲು ದರೋಡೆ

ಈಗ ಪೇಟೆಯ ಮುಖ್ಯ ಆರೋಪಿಗೆ ಬರೋಣ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೈಕಾಲಿಗೆ ಬಿಳಿ ಪಟ್ಟೆ ಹೊತ್ತ ಕಪ್ಪು ಸೊಳ್ಳೆ. ಇದು ಕೆಲಸಕ್ಕೆ ಬರುವುದು ಅಂಗಡಿಯವರ ಹಾಗೆಯೇ, ಹಗಲು ಪಾಳಿಯಲ್ಲಿ. ಬೆಳಗಿನ ಒಂದೆರಡು ಗಂಟೆ, ಸಂಜೆ ಹೊತ್ತು ಮುಳುಗುವ ಮುಂಚಿನ ಒಂದೆರಡು ಗಂಟೆ ಅದರ ಭರ್ಜರಿ ವ್ಯಾಪಾರ. ನಾವು ಬೇವಿನ ಸೊಪ್ಪಿಗೆ ಬೆಂಕಿ ಹಚ್ಚುವ ಹೊತ್ತಿಗೆ ಅದು ತನ್ನ ಗಲ್ಲಾ ಮುಚ್ಚಿರುತ್ತದೆ. ಮೇಜಿನ ಕೆಳಗಿನ ಕತ್ತಲು, ತೂಗುಹಾಕಿದ ಬಟ್ಟೆಯ ಮರೆ ಅದರ ಅಡಗುತಾಣ.

ಅಂಗಡಿಯಲ್ಲಿ ಕೂತವರಿಗೆ ಇದರ ವಿರುದ್ಧ ಅಗ್ಗದ ಆಯುಧ ಒಂದಿದೆ. ಫ್ಯಾನು. ಸೊಳ್ಳೆ ಹಾರುವುದರಲ್ಲಿ ಬಲಹೀನ, ಗಾಳಿಗೆ ನಿಲ್ಲಲಾರದು. ಮೇಲೆ ತಿರುಗುವ ಫ್ಯಾನಿಗಿಂತ ಕಾಲಿಗೆ ಬೀಸುವ ಸಣ್ಣ ಫ್ಯಾನು ಮೇಲು. ಬಸ್ಸಿಗೆ ಕಾಯುವವರಿಗೆ ಕಾಲು ಮುಚ್ಚುವ, ತೆಳು ಬಣ್ಣದ ಬಟ್ಟೆಯೇ ಗತಿ.

ಆದರೆ ಈ ಸೊಳ್ಳೆ ಬರುವುದಾದರೂ ಎಲ್ಲಿಂದ? "ಚರಂಡಿಯಿಂದ" ಎಂದು ಎಲ್ಲರೂ ಬೆರಳು ತೋರಿಸುತ್ತಾರೆ. ಚರಂಡಿಯಲ್ಲಿ ಹುಟ್ಟುವುದು ಹೆಚ್ಚಾಗಿ ರಾತ್ರಿ ಗುಂಯ್‌ಗುಡುವ ಇನ್ನೊಂದು ಜಾತಿ. ಡೆಂಗಿ ಸೊಳ್ಳೆಗೆ ತಿಳಿನೀರೇ ಬೇಕು. ಹಿತ್ತಲಿನ ಡ್ರಮ್ಮು, ಸಿಮೆಂಟಿನ ತೊಟ್ಟಿ, ಎಳನೀರಿನ ಬುರುಡೆ, ಪಂಕ್ಚರ್ ಅಂಗಡಿಯ ಟೈರು, ಹೂವಿನ ಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಹುಟ್ಟಿದ ಜಾಗದಿಂದ ಅದು ಕೆಲವು ನೂರು ಮೀಟರಿಗಿಂತ ಆಚೆ ಹೋಗುವುದು ಅಪರೂಪ. ಅಂದರೆ ನಿಮ್ಮನ್ನು ಕಚ್ಚಿದ ಸೊಳ್ಳೆ ನಿಮ್ಮದೋ, ಪಕ್ಕದ ಅಂಗಡಿಯವರದೋ!

1883ರ ಬೆಂಗಳೂರು ಪಾಠ

ಈ ಗುಟ್ಟು ಹೊಸದೇನಲ್ಲ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಕ್ರಿಮಿಯನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್, ಅದಕ್ಕೂ ಮೊದಲು 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದರು. ಅವರ ಬಂಗಲೆಯಲ್ಲಿ ಸೊಳ್ಳೆಯೋ ಸೊಳ್ಳೆ. ನೋಡಿದರೆ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಹುಳುಗಳು ಕುಣಿಯುತ್ತಿದ್ದವು. ತೊಟ್ಟಿ ಬೋರಲು ಹಾಕಿಸಿದರು, ಸೊಳ್ಳೆ ಇಳಿಯಿತು. ಅದಕ್ಕೆ ಖರ್ಚೂ ಇಲ್ಲ, ಹೊಗೆಯೂ ಇಲ್ಲ.

ಬೋರಲು ಹಾಕಲಾಗದ ನೀರಿಗೂ ದಾರಿಯಿದೆ. 1990ರ ದಶಕದಲ್ಲಿ ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಬಾವಿಗಳಿಗೆ ಗಪ್ಪಿ ಮೀನು ಬಿಟ್ಟರು. ಮೀನು ಹುಳುಗಳನ್ನು ತಿಂದವು, ಮಲೇರಿಯಾ ತಗ್ಗಿತು. ದೊಡ್ಡ ತೊಟ್ಟಿ ಇರುವವರು ಇದನ್ನೇ ಮಾಡಬಹುದು.

ಉಳಿದವರಿಗೆ ವಾರದಲ್ಲಿ ಒಂದು ದಿನ. ಅಂಗಡಿಗೆ ರಜೆ ಇರುವ ದಿನವೇ ಆಗಲಿ. ಇದ್ದಬದ್ದ ನೀರು ಚೆಲ್ಲಿ, ಡ್ರಮ್ಮಿನ ಒಳಗೋಡೆಯನ್ನು ತೆಂಗಿನ ನಾರಿನಿಂದ ಗಸಗಸ ಉಜ್ಜಿ, ಒಣಗಿಸಿ, ತುಂಬಿದ ಮೇಲೆ ಬಟ್ಟೆ ಕಟ್ಟಿ ಮುಚ್ಚಬೇಕು. ಬರೀ ಚೆಲ್ಲಿದರೆ ಸಾಲದು. ನೀರಿನ ಅಂಚಿಗೆ ಅಂಟಿದ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ಬಿದ್ದಾಗ ಒಡೆಯುತ್ತದೆ. ಹೊಗೆ ಯಂತ್ರ ಬೀದಿಗೆ ಬಂದರೂ ಸಾಯುವುದು ಆಗ ಹಾರುತ್ತಿರುವ ಸೊಳ್ಳೆ ಮಾತ್ರ. ಡ್ರಮ್ಮಿನೊಳಗಿನ ಸಂಸಾರಕ್ಕೆ ಏನೂ ಆಗದು.

ಇದರಲ್ಲಿ ಸರ್ಕಾರದ ಕಣ್ಣೂ ಇದೆ. 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ರಾಜ್ಯ ಸರ್ಕಾರ, ಸೊಳ್ಳೆ ಬೆಳೆಸಿದವರಿಗೆ ದಂಡವನ್ನೂ ಗೊತ್ತುಮಾಡಿತು. ನಗರದಲ್ಲಿ ಮನೆಗೆ 400 ರೂಪಾಯಿ, ಅಂಗಡಿಗೆ 1000 ರೂಪಾಯಿ. ಎಳನೀರು ಮಾರುವವರು, ಪಂಕ್ಚರ್ ಹಾಕುವವರೂ ಪಟ್ಟಿಯಲ್ಲಿದ್ದರು.

ದಂಡ ಹೋದರೆ ದುಡಿದುಕೊಳ್ಳಬಹುದು. ಜ್ವರ ಬಂದವರು ಕಷಾಯ ಕುಡಿದು ಗಲ್ಲಾ ಮುಂದೆ ಕೂತರೆ, ಮೈಕೈ ನೋವಿಗೆಂದು ಸಿಕ್ಕ ಮಾತ್ರೆ ನುಂಗಿದರೆ ಕಷ್ಟ. ಡೆಂಗಿಯಲ್ಲಿ ಆಸ್ಪಿರಿನ್‌ನಂಥ ಮಾತ್ರೆಗಳು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ತಡಮಾಡದೆ ರಕ್ತ ಪರೀಕ್ಷೆ ಮಾಡಿಸುವುದೇ ಜಾಣತನ.

ಮುಸ್ಸಂಜೆಗೆ ಸಾಂಬ್ರಾಣಿ ಹಾಕಿ, ಬೇಡವೆಂದವರು ಯಾರೂ ಇಲ್ಲ. ಲೋಬಾನದವರಿಗೂ ಕೈಯೆತ್ತಿ ನಾಲ್ಕು ಕಾಸು ಕೊಡಿ. ಅವರು ಅತ್ತ ಹೋದ ಮೇಲೆ ಎದ್ದು, ಹಿತ್ತಲಿನ ಬಾಗಿಲು ತೆಗೆದು, ಆ ನೀಲಿ ಡ್ರಮ್ಮಿನೊಳಗೊಮ್ಮೆ ಬಗ್ಗಿ ನೋಡಿ. ಏನಾದರೂ ಕುಣಿಯುತ್ತಿದ್ದರೆ, ಬೋರಲು ಹಾಕಲು ನಾಳೆಯವರೆಗೆ ಕಾಯಬೇಡಿ.