ದಾಸೋಹದ ಮನೆಯಿಂದ ಎದ್ದ ವಿದ್ಯಾಲಯ

ಮಠವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಗದ್ದುಗೆ, ಪೂಜೆ, ಪ್ರಸಾದ. ಕಾಲೇಜೆಂದೊಡನೆ ನೆನಪಾಗುವುದು ಕಟ್ಟಡ, ಪರೀಕ್ಷೆ, ನೌಕರಿ. ಇವೆರಡೂ ಬೇರೆ ಬೇರೆ ಲೋಕಗಳೆಂದು ಎಣಿಸುವವರು ಇಂದಿಗೂ ಉಂಟು. ವಿರಕ್ತರಿಗೆ ಯಂತ್ರವಿದ್ಯೆಯ ಗೊಡವೆ ಏಕೆ ಎಂದು ಕೇಳುವವರೂ ಉಂಟು. ಅಂಥವರಿಗೆ ತುಮಕೂರಿನಲ್ಲಿ ಉತ್ತರವಿದೆ. ನಗರದ ಬಿ.ಎಚ್. ರಸ್ತೆಯಲ್ಲಿ ನಿಂತಿರುವ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ, ಜನರ ಬಾಯಲ್ಲಿ ಎಸ್.ಐ.ಟಿ., ವಿರಕ್ತರೊಬ್ಬರ ಸಂಕಲ್ಪದಿಂದ 1963ರಲ್ಲಿ ಹುಟ್ಟಿದ ಸಂಸ್ಥೆ.

ಆ ಮಹನೀಯರು ಲಿಂಗೈಕ್ಯ ಡಾ. ಶ್ರೀ ಶಿವಕುಮಾರ ಸ್ವಾಮೀಜಿಯವರು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರ ಏಪ್ರಿಲ್ 1ರಂದು ಜನಿಸಿದ ಅವರು ಹಳ್ಳಿಯ ಮಗುವಾಗಿಯೇ ಬೆಳೆದರು. ನಾಗವಲ್ಲಿಯ ಶಾಲೆಯಲ್ಲಿ ಓದಿ 1926ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿದರು. ಆ ದಿನಗಳಲ್ಲಿ ಕೆಲಕಾಲ ಸಿದ್ಧಗಂಗೆಯ ಪ್ರಸಾದ ನಿಲಯದಲ್ಲಿದ್ದು ಮಠದ ಅನ್ನವನ್ನೂ ಉಂಡರು. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರಿದಾಗ ಅವರು ಆರಿಸಿಕೊಂಡ ವಿಷಯಗಳಲ್ಲಿ ಭೌತಶಾಸ್ತ್ರ ಮತ್ತು ಗಣಿತ ಇದ್ದವು ಎಂಬುದನ್ನು ನಾವು ಗಮನಿಸಬೇಕು. 1930ರಲ್ಲಿ ಶ್ರೀ ಉದ್ದಾನ ಶಿವಯೋಗಿಗಳು ಅವರನ್ನು ಉತ್ತರಾಧಿಕಾರಿಯಾಗಿ ಆರಿಸಿದರು. ಆಗ ಶ್ರೀಗಳಿಗೆ ಇನ್ನೂ 23 ತುಂಬಿರಲಿಲ್ಲ. ಕಾವಿ ಬಂದಿತು, ಪದವಿ ಪೂರ್ಣವಾಗಲಿಲ್ಲ. ಹೀಗೆ ತಮ್ಮ ಓದನ್ನು ಅರ್ಧಕ್ಕೆ ಬಿಟ್ಟು ಬಂದವರೇ ಮುಂದೆ ಸಹಸ್ರಾರು ಮಕ್ಕಳ ಓದು ಅರ್ಧಕ್ಕೆ ನಿಲ್ಲದಂತೆ ಕಾದರು.

1941ರಲ್ಲಿ ಉದ್ದಾನ ಶಿವಯೋಗಿಗಳು ಲಿಂಗೈಕ್ಯರಾದ ಮೇಲೆ ಮಠದ ಭಾರವೆಲ್ಲ ಶ್ರೀಗಳ ಹೆಗಲಿಗೆ ಬಂದಿತು. ಆಗ ಮಠದ ಆದಾಯ ಅಲ್ಪ, ಉಣ್ಣುವ ಮಕ್ಕಳು ಬಹಳ. ಶ್ರೀಗಳು ಜೋಳಿಗೆ ಹಿಡಿದು ಊರೂರು ಸುತ್ತಿದರು. ಭಕ್ತರು ರಾಗಿ ಕೊಟ್ಟರು, ಭತ್ತ ಕೊಟ್ಟರು, ಕಾಯಿ, ಬೇಳೆ, ಸೌದೆ ಕೊಟ್ಟರು. ಒಂದು ಸೇರು ಕೊಟ್ಟವರೂ ಇದ್ದರು, ಒಂದು ಗಾಡಿ ಕೊಟ್ಟವರೂ ಇದ್ದರು. ಆ ಧಾನ್ಯವನ್ನು ಬೇಯಿಸಿ ಬಡಿಸುವಾಗ ಮಠವು ಮಗುವಿನ ಜಾತಿಯನ್ನು ಕೇಳಲಿಲ್ಲ, ಮತವನ್ನು ಕೇಳಲಿಲ್ಲ. ಹಸಿವೆ ಮತ್ತು ಓದುವ ಆಸೆ, ಇವೆರಡೇ ಅಲ್ಲಿನ ಅರ್ಹತೆ. ಅನ್ನ, ಅಕ್ಷರ, ಆಶ್ರಯವೆಂಬ ತ್ರಿವಿಧ ದಾಸೋಹವು ನಾಡಿಗೆ ಪರಿಚಯವಾದದ್ದು ಹೀಗೆ.

ಇಂಥ ದಾಸೋಹದ ಬೆನ್ನಿಗೇ ಕಾಲೇಜು ಬಂದದ್ದು ಆಕಸ್ಮಿಕವಲ್ಲ. ತುಮಕೂರು ಜಿಲ್ಲೆಯ ಬಹುಭಾಗ ಮಳೆಯನ್ನೇ ನಂಬಿದ ಸೀಮೆ. ಅಣ್ಣತಮ್ಮಂದಿರು ಪಾಲಾದಾಗ ಹೊಲ ತುಂಡಾಗುತ್ತದೆ, ಮಳೆ ಕೈಕೊಟ್ಟರೆ ಬೀಜವೂ ಹೋಗುತ್ತದೆ. ಇಂಥ ಮನೆಯ ಹುಡುಗ ಜಾಣನಾದರೂ ಬೆಂಗಳೂರಿಗೋ ಮೈಸೂರಿಗೋ ಹೋಗಿ, ಕೋಣೆ ಹಿಡಿದು ಎಂಜಿನಿಯರಿಂಗ್ ಓದುವುದು ಅಂದಿಗೆ ಕನಸಿನ ಮಾತು. ಹೊಟ್ಟೆಗೆ ಅನ್ನವಿಟ್ಟರೆ ಇಂದಿನ ದಿನ ಕಳೆಯಿತು, ಕೈಗೆ ವಿದ್ಯೆಯಿಟ್ಟರೆ ಮುಂದಿನ ತಲೆಮಾರು ನಿಂತಿತು. ಇದನ್ನು ಅರಿತ ಶ್ರೀಗಳು ತಮ್ಮ 56ನೆಯ ವಯಸ್ಸಿನಲ್ಲಿ, ಶ್ರೀ ಸಿದ್ಧಗಂಗಾ ವಿದ್ಯಾಸಂಸ್ಥೆಯ ಮೂಲಕ ತಾಂತ್ರಿಕ ಕಾಲೇಜನ್ನು ತೆರೆದರು. ಸಂಸ್ಕೃತ ಪಾಠಶಾಲೆಯಿದ್ದ ಮಠವೇ ಯಂತ್ರಶಾಲೆಯನ್ನೂ ಕಟ್ಟಿತು. ಶಿವರಾತ್ರಿಯ ಜಾತ್ರೆಗೆ ಹೋದವರಿಗೆ ಇದು ಹೊಸದೆನಿಸದು. ಅಲ್ಲಿ ಒಂದು ಕಡೆ ದನಗಳ ಪರಿಷೆ ನೆರೆದರೆ, ಇನ್ನೊಂದು ಕಡೆ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನ ನಡೆಯುತ್ತದೆ. ಎತ್ತೂ ಬೇಕು, ಯಂತ್ರವೂ ಬೇಕು ಎಂಬುದು ಆ ಕ್ಷೇತ್ರದ ನಿಲುವು.

ಒಂದು ಮಾತನ್ನು ಮರೆಮಾಚದೆ ಹೇಳಬೇಕು. ತಾಂತ್ರಿಕ ಕಾಲೇಜಿನಲ್ಲಿ ಶುಲ್ಕವುಂಟು. ಪ್ರಯೋಗಾಲಯಕ್ಕೆ, ಅಧ್ಯಾಪಕರ ವೇತನಕ್ಕೆ ಹಣ ಬೇಕು. ಪ್ರಸಾದ ನಿಲಯದ ಅನ್ನದಂತೆ ಅದು ಉಚಿತವಾಗಲಾರದು. ಆದ್ದರಿಂದಲೇ ಮಠದ ಕಾಲೇಜೆಂದರೆ ಉಳಿದ ಕಾಲೇಜುಗಳಂತೆ ಒಂದು ಕಾಲೇಜು ತಾನೇ ಎಂಬ ಭಾವನೆ ಬರುವುದು ಸುಲಭ. ಶುಲ್ಕ ಕಟ್ಟಿದೆವು, ಪದವಿ ಪಡೆದೆವು, ಲೆಕ್ಕ ಚುಕ್ತವಾಯಿತು ಎಂದು ನಮ್ಮ ಮಕ್ಕಳು ತಿಳಿದರೆ, ತಪ್ಪು ಅವರೊಬ್ಬರದಲ್ಲ. ಆ ಕಟ್ಟಡದ ಬುಡದಲ್ಲಿ ಯಾರ ಸೇರು ರಾಗಿಯಿದೆ ಎಂಬುದನ್ನು ನಾವೂ ಹೇಳಿಕೊಟ್ಟಿಲ್ಲ.

ದಾನಕ್ಕೂ ದಾಸೋಹಕ್ಕೂ ಇರುವ ಅಂತರ ಇಲ್ಲಿಯೇ ತಿಳಿಯುವುದು. ದಾನದಲ್ಲಿ ಕೊಟ್ಟವನು ದೊಡ್ಡವನಾಗಿ ನಿಲ್ಲುತ್ತಾನೆ, ಪಡೆದವನು ತಲೆತಗ್ಗಿಸುತ್ತಾನೆ. ದಾಸೋಹದಲ್ಲಿ ಕೊಟ್ಟವನೇ ದಾಸ. ಆದುದರಿಂದ ರಾಗಿ ಕೊಟ್ಟ ರೈತ ಎಂದೂ ಮಠದ ಬಾಗಿಲಿಗೆ ಬಂದು ಲೆಕ್ಕ ಕೇಳಲಿಲ್ಲ. ಆದರೆ ಕೊಟ್ಟವನು ಕೇಳಲಿಲ್ಲವೆಂದು ಪಡೆದವನು ಮರೆಯಬಹುದೇ? ದಾಸೋಹದ ಋಣವನ್ನು ಕೊಟ್ಟವನಿಗೆ ಹಿಂದಿರುಗಿಸಲು ಬಾರದು. ಅದನ್ನು ಮುಂದಿನವನ ಎಲೆಗೆ ಬಡಿಸಿಯೇ ತೀರಿಸಬೇಕು.

ಇಂದು ಎಸ್.ಐ.ಟಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿರುವ ಸ್ವಾಯತ್ತ ಕಾಲೇಜು. ಅಲ್ಲಿ ಕಲಿತವರು ದೇಶವಿದೇಶಗಳಲ್ಲಿದ್ದಾರೆ. ಅವರು ದೂರ ಹೋದರೆಂದು ನಾವು ಕೊರಗಬೇಕಿಲ್ಲ. ರೆಕ್ಕೆ ಬಂದ ಹಕ್ಕಿ ಹಾರಲೇಬೇಕು. ಆದರೆ ವರ್ಷಕ್ಕೊಮ್ಮೆ ಊರಿಗೆ ಬಂದಾಗ ತಮ್ಮೂರ ಶಾಲೆಯ ಬಾಗಿಲು ತಟ್ಟಿ, ಶುಲ್ಕಕ್ಕಿಲ್ಲದೆ ಓದು ಬಿಡುತ್ತಿರುವ ಹುಡುಗಿ ಯಾರು, ಹುಡುಗ ಯಾರು ಎಂದು ವಿಚಾರಿಸಲಿ. ಒಂದು ಮಗುವಿನ ಓದಿಗೆ ಆಸರೆಯಾದರೂ ಅದು ಅಕ್ಷರ ದಾಸೋಹವೇ.

ಹಿರಿಯರಾದ ತಮ್ಮಲ್ಲಿ ನಮ್ಮ ಬಿನ್ನಹವೂ ಇದೇ. ಮೊಮ್ಮಗ ಕಾಲೇಜು ಸೇರಿದಾಗ ಸಂಬಳವೆಷ್ಟು ಬಂದೀತೆಂದು ಕೇಳುವ ಮುನ್ನ, ಸುಗ್ಗಿಯಲ್ಲಿ ಕಣದ ಮೊದಲ ರಾಶಿಯಿಂದ ಮಠಕ್ಕೆ ಧಾನ್ಯ ತೆಗೆದಿಟ್ಟ ಕಥೆಯನ್ನು ಅವನಿಗೆ ಹೇಳಿರಿ. ಪೂಜ್ಯರು 2019ರ ಜನವರಿ 21ರಂದು, ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಪ್ರಸಾದ ನಿಲಯದ ಒಲೆ ಇಂದಿಗೂ ಉರಿಯುತ್ತಿದೆ, ಪಂಕ್ತಿಯಲ್ಲಿ ಮಕ್ಕಳು ಇಂದಿಗೂ ಕೂರುತ್ತಿದ್ದಾರೆ. ಆ ಒಲೆಗೆ ಸೌದೆಯಿಡುವ ಕೈಗಳು ಕಡಿಮೆಯಾಗದಂತೆ ನೋಡಿಕೊಳ್ಳುವುದು ಮಠದ ಕೆಲಸವಷ್ಟೇ ಅಲ್ಲ, ಉಂಡವರ ಕೆಲಸ, ಕಲಿತವರ ಕೆಲಸ.